ಮೈದುಂಬಿದ ಕೆಂಪು, ನಾಲಿಗೆಯ ಒಗರು

‘ವೈನ್ ಶಾಪ್’ ಎಂಬ ಫಲಕ ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಲ್ಲಿ ಹೋದರೂ ಕಣ್ಣಿಗೆ ಬೀಳುತ್ತದೆ. ಒಳಗೆ ವಿಸ್ಕಿ, ರಮ್, ಬ್ರಾಂದಿ, ಬಿಯರ್ ಎಲ್ಲವೂ ಉಂಟು. ವೈನ್ ಕೇಳಿದರೆ ಮಾತ್ರ ಅಂಗಡಿಯವರು ಮೇಲಿನ ಕಪಾಟಿನಲ್ಲಿ ಧೂಳು ಹೊದ್ದು ನಿಂತ ಒಂದೆರಡು ಸೀಸೆಗಳತ್ತ ಕೈ ತೋರಿಸಿಯಾರು. ಅವೂ ಬಹುತೇಕ ಸಿಹಿಯಾದ ಪೋರ್ಟ್ ವೈನ್‌ಗಳೇ.

ಉಗಾರ ಬುದ್ರುಕದ ಸುತ್ತಿನ ಜನಕ್ಕೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಇದು ಕಬ್ಬಿನ ಸೀಮೆ. ಕೃಷ್ಣೆಯ ದಂಡೆಯ ಈ ಜೋಡಿ ಊರುಗಳಲ್ಲಿ (ಪಾರ್ಸಿಯ ‘ಬುಜುರ್ಗ್’ ಬುದ್ರುಕವಾಯಿತು, ಅಂದರೆ ಹಿರಿದು, ಖುರ್ದವೆಂದರೆ ಕಿರಿದು) ಕಿರಿಯದಾದ ಉಗಾರ ಖುರ್ದಕ್ಕೆ ಹೆಸರು ತಂದದ್ದು 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ. ಕಬ್ಬು ಅರೆದರೆ ಸಕ್ಕರೆ. ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ. ಕಾಕಂಬಿ ಹುಳಿಯಿಸಿ ಭಟ್ಟಿ ಇಳಿಸಿದರೆ ಮದ್ಯಸಾರ. ನಮ್ಮ ದೇಶದ ಅಗ್ಗದ ವಿಸ್ಕಿ, ರಮ್‌ಗಳ ಬೇರು ಬಹುಪಾಲು ಇರುವುದು ಈ ಕಾಕಂಬಿಯಲ್ಲಿಯೇ. ಆದರೆ ನದಿಯ ದಂಡೆ ಬಿಟ್ಟು ಮೂಡಲಕ್ಕೆ, ಅಥಣಿ ದಾಟಿ ಐಗಳಿ, ತೆಲಸಂಗದ ಕಡೆ ನಡೆದರೆ ಕಬ್ಬಿನ ಹಸಿರು ಮರೆಯಾಗಿ ದ್ರಾಕ್ಷಿಯ ಚಪ್ಪರಗಳು ಎದುರಾಗುತ್ತವೆ. ಅಲ್ಲಿಂದ ವಿಜಯಪುರದವರೆಗೂ ಅದೇ ನೋಟ. ಇಷ್ಟು ದ್ರಾಕ್ಷಿ ಇದ್ದೂ ಅಂಗಡಿಯಲ್ಲಿ ವೈನ್ ಇಲ್ಲವೇಕೆ? ಅದರಲ್ಲೂ ಜಗತ್ತಿನ ರಸಿಕರು ತಲೆಯ ಮೇಲೆ ಹೊತ್ತು ಮೆರೆಸುವ ಮೈದುಂಬಿದ ಕೆಂಪು ವೈನ್ ನಮ್ಮ ನಾಲಿಗೆಗೆ ಏಕೆ ಒಗ್ಗಲಿಲ್ಲ?

ಪರದೇಶದ ಪದಾರ್ಥ, ಅದಕ್ಕೇ ಒಗ್ಗಲಿಲ್ಲ ಎಂದುಬಿಡುವುದು ಸುಲಭ. ಇತಿಹಾಸ ಹಾಗೆ ಹೇಳುವುದಿಲ್ಲ. ಉಗಾರಕ್ಕಿಂತ ಮೇಲೆ, ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುವ ಪಂಚಗಂಗೆಯ ದಂಡೆಯ ಮೇಲೆ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವಿದೆ. 1940ರ ದಶಕದ ನಡುವಿನಲ್ಲಿ ಅಲ್ಲಿ ಕಂಚಿನ ವಸ್ತುಗಳ ಒಂದು ರಾಶಿಯೇ ಸಿಕ್ಕಿತು. ಗ್ರೀಕರ ಸಮುದ್ರದೇವ ಪೊಸೈಡಾನನ ಪುಟ್ಟ ವಿಗ್ರಹ ಅದರಲ್ಲಿ ಪ್ರಸಿದ್ಧ. ಅದರ ಜೊತೆಗೇ ದೊರೆತದ್ದು ಇಟಲಿಯ ಕಸುಬುದಾರಿಕೆಯ ಒಂದು ಕಂಚಿನ ಹೂಜಿ. ಇಂಥ ಹೂಜಿಯನ್ನು ಗ್ರೀಕರು ‘ಓಯಿನೊಖೊಯೆ’ ಎನ್ನುತ್ತಿದ್ದರು. ದ್ರಾಕ್ಷಾರಸ ಬಗ್ಗಿಸುವ ಪಾತ್ರೆ ಎಂದೇ ಅದರ ಅರ್ಥ. ಹೂಜಿ ಬಂದಿತೆಂದ ಮಾತ್ರಕ್ಕೆ ಅದರೊಳಗಿನ ರಸವೂ ಬಂದಿತೆನ್ನಲಾಗದು, ನಿಜ. ಭಾರತದಲ್ಲಿ ರೋಮನ್ ವೈನ್ ಜಾಡಿಗಳೆಂದು ಗುರುತಿಸಿದ್ದ ಹಲವು ಮಡಕೆ ಚೂರುಗಳು ಮೆಸೊಪೊಟೇಮಿಯದ ಬೇರೊಂದು ಬಗೆಯ ಜಾಡಿಗಳವು ಎಂದು ವಿದ್ವಾಂಸರು ಈಚೆಗೆ ತಿದ್ದಿದ್ದಾರೆ ಕೂಡ. ಆದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬರೆದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿ ಭರೂಚ್ ಬಂದರಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ವೈನನ್ನು ಸೇರಿಸಿದೆ. ಇಟಲಿಯದಕ್ಕೆ ಅಲ್ಲಿ ಹೆಚ್ಚು ಬೇಡಿಕೆ ಎಂಬುದನ್ನೂ ಹೇಳಿದೆ. ಎಂದರೆ ಯಾವ ಊರಿನ ವೈನ್ ಚೆನ್ನ ಎಂದು ಆರಿಸಿ ಕೊಳ್ಳುವವರು ಆಗಲೇ ಇದ್ದರು.

ಕೌಟಿಲ್ಯನ ಅರ್ಥಶಾಸ್ತ್ರವೂ ಇದೇ ಮಾತಿಗೆ ಸಾಕ್ಷಿ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಅದು ಆರು ಬಗೆಯ ಮದ್ಯಗಳನ್ನು ಎಣಿಸುತ್ತದೆ. ಇವುಗಳಲ್ಲಿ ‘ಮಧು’ವೆಂದರೆ ದ್ರಾಕ್ಷಿಯ ರಸ. ಅದಕ್ಕೆ ಅದು ಬಂದ ನಾಡಿನಿಂದಲೇ ಹೆಸರು: ಕಾಪಿಶಾಯನ, ಹಾರಹೂರಕ. ಬೋರ್ಡೋ, ಬರ್ಗಂಡಿ ಎಂದು ಫ್ರೆಂಚರು ಊರಿನ ಹೆಸರಿನಿಂದ ವೈನ್ ಕರೆಯುವ ಪದ್ಧತಿಯನ್ನು ಕಂಡು ಬೆರಗಾಗುವವರು ಇದನ್ನು ಗಮನಿಸಬೇಕು. ಕನ್ನಡದ ಮಟ್ಟಿಗೆ ಹೇಳುವುದಾದರೆ, ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಆದಿಕವಿ ಪಂಪನೂ ಅದನ್ನು ಬಿಟ್ಟಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನವನ್ನು ಅರಸರ ಕ್ರೀಡೆಗಳ ಸಾಲಿನಲ್ಲಿಯೇ ಕೂರಿಸಿದ್ದಾನೆ. ಎಲ್ಲಿ, ಯಾರೊಡನೆ, ಹೇಗೆ ಎಂಬುದಕ್ಕೆ ಅಲ್ಲಿ ರೀತಿ ರಿವಾಜುಗಳಿವೆ. ಅರಮನೆಯಲ್ಲಿ ರಸಿಕತೆ ಇತ್ತು ಎಂಬುದಷ್ಟೇ ಇಲ್ಲಿನ ತಾತ್ಪರ್ಯ. ಹೊಲದಲ್ಲಿ ದುಡಿಯುವವನ ಪಾಲಿಗೆ ಬಂದದ್ದು ಈಚಲ ಹೆಂಡವೇ.

ದಖ್ಖನಿನಲ್ಲಿ ಬಳ್ಳಿಯೂ ಹೊಸದಲ್ಲ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತದೆಂದು ಬರೆದಿಟ್ಟ. ಈ ಮಾತಿನೊಳಗೆ ನಮ್ಮ ಸೀಮೆಯ ದ್ರಾಕ್ಷಿಯ ಗುಟ್ಟು ಅಡಗಿದೆ. ಯೂರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೆಂದೇ ನಮ್ಮ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತಾರೆ: ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟ್ನಿ ಕಾಯಿ ಹಿಡಿಯುವುದಕ್ಕೆ. ಎರಡರಲ್ಲಿ ಒಂದೇ ಬೆಳೆ ಇಟ್ಟುಕೊಂಡು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಗೊನೆ ಕೊಯ್ಯುತ್ತಾರೆ.

ಆದರೆ ಹಾಗೆ ಕೊಯ್ಯುವ ಗೊನೆ ಮೈದುಂಬಿದ ಕೆಂಪು ವೈನಿಗೆ ಬಾರದು. ನಮ್ಮಲ್ಲಿ ಹೆಚ್ಚಿರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದಲೇ ಆರಿಸಿ ತೆಗೆದ ತಾಸ್-ಎ-ಗಣೇಶ, ಸೋನಾಕಾ ಮೊದಲಾದ ಹಸಿರು ತಳಿಗಳು. ಕರಿದ್ರಾಕ್ಷಿಯಲ್ಲೂ ಹೆಚ್ಚಿನ ತಳಿಗಳ ರಸಕ್ಕೆ ಬಣ್ಣವಿಲ್ಲ. ಹಿಂಡಿದರೆ ಬೆಳ್ಳಗೇ ಬರುತ್ತದೆ. ವೈನಿಗೆ ಕೆಂಪು ಬರುವುದು ಸಿಪ್ಪೆಯಿಂದ. ರಸ, ಸಿಪ್ಪೆ, ಬೀಜಗಳನ್ನು ಒಟ್ಟಿಗೇ ಹುಳಿಯಲು ಬಿಟ್ಟಾಗ ಸಿಪ್ಪೆ ಬಣ್ಣ ಬಿಡುತ್ತದೆ. ಸಿಪ್ಪೆ, ಬೀಜಗಳೆರಡೂ ಟ್ಯಾನಿನ್ ಎಂಬ ಒಗರಿನ ಅಂಶ ಬಿಡುತ್ತವೆ. ಹಾಗಾಗಿ ಕೆಂಪು ವೈನ್ ಮಾಡುವವನಿಗೆ ಬೇಕಾದದ್ದು ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನುವ ದ್ರಾಕ್ಷಿ ಬೆಳೆಯುವವನಿಗೆ ಬೇಕಾದದ್ದು ಸರಿಯಾಗಿ ಇದರ ತಿರುವುಮುರುವು: ದಪ್ಪ ಕಾಳು, ತೆಳು ಸಿಪ್ಪೆ, ಬೀಜವೇ ಇರಬಾರದು. ಕಾಳು ಉಬ್ಬಲೆಂದು ಗೊನೆಗಳನ್ನು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆಯುವುದು ನಮ್ಮ ತೋಟಗಳಲ್ಲಿ ವಾಡಿಕೆ. ಒಂದೇ ಹಣ್ಣು; ಎರಡು ಕಸುಬುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ.

‘ಮೈದುಂಬಿದ’ ಎಂದೆನಲ್ಲ, ಅದರ ಅರ್ಥ ತಿಳಿಯಲು ಒಂದು ಸುಲಭ ಉಪಾಯವಿದೆ. ಒಂದು ಗುಟುಕು ನೀರು ಮಜ್ಜಿಗೆ, ಆಮೇಲೆ ಒಂದು ಗುಟುಕು ಗಟ್ಟಿ ಎಮ್ಮೆ ಹಾಲು ಬಾಯಲ್ಲಿ ಇಟ್ಟುಕೊಂಡು ನೋಡಿ. ರುಚಿಯ ಮಾತು ಬೇಡ, ತೂಕ ಗಮನಿಸಿ. ವೈನಿನಲ್ಲೂ ಅಂಥದೇ ತೂಕವಿದೆ. ಮದ್ಯಸಾರ ಹೆಚ್ಚಿದಷ್ಟೂ (ಸಾಮಾನ್ಯವಾಗಿ ಶೇ 13.5ರಿಂದ ಮೇಲೆ), ಸಿಪ್ಪೆಯ ಸತ್ವ ಇಳಿದಷ್ಟೂ ವೈನ್ ಬಾಯಲ್ಲಿ ಭಾರವಾಗುತ್ತದೆ. ಕ್ಯಾಬರ್ನೆ ಸುವಿಗ್ನಾನ್, ಶಿರಾಜ್, ಮಾಲ್ಬೆಕ್ ಈ ಬಗೆಗೆ ಹೆಸರಾದ ತಳಿಗಳು. ಬಿಸಿಲ ನಾಡಿನಲ್ಲಿ ದ್ರಾಕ್ಷಿಗೆ ಸಕ್ಕರೆ ಬೇಗ ಏರುವುದರಿಂದ ಮದ್ಯಸಾರಕ್ಕೇನೂ ಕೊರತೆಯಿಲ್ಲ. ತೊಡಕಿರುವುದು ಬೇರೆ ಕಡೆ. ಸಕ್ಕರೆ ಓಡುತ್ತದೆ, ಒಗರು ಮಾಗುವುದು ಹಿಂದೆ ಬೀಳುತ್ತದೆ. ಸಕ್ಕರೆ ಬಂತೆಂದು ಅವಸರದಲ್ಲಿ ಕೊಯ್ದರೆ ಕಾಯಿ ಒಗರು. ಒಗರು ಮಾಗಲೆಂದು ಕಾದರೆ ಹುಳಿ ಇಳಿದುಹೋಗಿ ವೈನ್ ಸಪ್ಪೆ. ಎತ್ತರದ, ರಾತ್ರಿ ತಂಪಿರುವ ಜಾಗಗಳನ್ನು ವೈನ್ ತಯಾರಕರು ಹುಡುಕಿಕೊಂಡು ಹೋಗುವುದು ಇದಕ್ಕಾಗಿ.

ಈಗ ಒಗರಿನ ವಿಚಾರ. ಮೊದಲ ಬಾರಿಗೆ ಗಟ್ಟಿ ಕೆಂಪು ವೈನ್ ಬಾಯಿಗಿಟ್ಟವರು ಮುಖ ಕಿವುಚುವುದಕ್ಕೆ ಕಾರಣ ಇದು. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಜಾರುವ ಗುಣ ಹೋಗಿ ವಸಡು, ನಾಲಿಗೆ ಒಣಗಿದಂತೆ, ಜಗ್ಗಿದಂತೆ ಆಗುತ್ತದೆ. ಆದರೆ ಇದು ನಮಗೆ ಅಪರಿಚಿತವೇ? ನೇರಳೆ ಹಣ್ಣು ತಿಂದವರು, ಹಸಿ ಅಡಿಕೆ ಅಗಿದವರು, ಹಾಲಿಲ್ಲದ ಕಡಕ್ ಚಹಾ ಕುಡಿದವರು ಒಗರನ್ನು ಬಲ್ಲರು. ಆಯುರ್ವೇದ ಷಡ್ರಸಗಳಲ್ಲಿ ಕಷಾಯವೆಂದು ಅದಕ್ಕೊಂದು ಸ್ಥಾನವನ್ನೇ ಕೊಟ್ಟಿದೆ. ಇಂಗ್ಲಿಷರಿಗೆ ಇದು ಪುಸ್ತಕದ ಮಾತು; ನಮಗೆ ಅಡುಗೆಮನೆಯ ಮಾತು. ಇನ್ನೂ ಮುಂದೆ ಹೋದರೆ, ವೈದ್ಯರ ಅಂಗಡಿಯ ದ್ರಾಕ್ಷಾರಿಷ್ಟ ಮತ್ತೇನು? ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಬೆರೆಸಿ, ಒಗರಾದ ಧಾತಕಿ ಹೂ ಹಾಕಿ ಹುಳಿಯಲು ಬಿಟ್ಟು ಮಾಡಿದ್ದು. ಔಷಧವೆಂಬ ಹೆಸರಿನಲ್ಲಿ ನಾವು ಒಪ್ಪಿಕೊಂಡ ಒಗರನ್ನು ಪಾನೀಯವೆಂದಾಗ ದೂರ ಇಟ್ಟೆವು. ಸಿಹಿ ಪೋರ್ಟ್ ವೈನ್ ಮಾರಾಟವಾಗುವುದು, ಕ್ಯಾಬರ್ನೆ ಧೂಳು ಹಿಡಿಯುವುದು ಈ ಕಾರಣಕ್ಕೆ ಎಂದು ನನ್ನ ಅನಿಸಿಕೆ.

ವೈನ್ ಪಂಡಿತರ ಭಾಷೆಯಂತೂ ಸಾಮಾನ್ಯರನ್ನು ಹೆದರಿಸುವಂಥದು. ಬ್ಲ್ಯಾಕ್ ಕರಂಟ್, ಸೀಡರ್ ಎಂದು ಬರೆಯುತ್ತಾರೆ. ನಾವು ಆ ಹಣ್ಣನ್ನೂ ಕಂಡಿಲ್ಲ, ಆ ಮರವನ್ನೂ ಕಂಡಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಮುಂದೆ ಬರುವ ಮಾತುಗಳನ್ನು ನೋಡಿ: ಹೊಗೆಸೊಪ್ಪು, ಹದ ಮಾಡಿದ ಚರ್ಮ, ಕರಿಮೆಣಸು. ಹೊಗೆಸೊಪ್ಪಿನ ಕಂಪನ್ನು ನಿಪ್ಪಾಣಿಯವರಿಗೆ ಯಾರಾದರೂ ಹೇಳಿಕೊಡಬೇಕೆ? ಚರ್ಮದ ವಾಸನೆಯನ್ನು ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಅಥಣಿಯವರಿಗೆ? ಮೆಣಸಿನ ಹೋಲಿಕೆಯಂತೂ ಬರಿಯ ಕವಿಸಮಯವಲ್ಲ. ಶಿರಾಜ್ ವೈನಿನ ಘಾಟಿಗೆ ಕಾರಣ ರೊಟಂಡೋನ್ ಎಂಬ ಅಂಶವೆಂದೂ ಕರಿಮೆಣಸಿನ ಘಮಕ್ಕೂ ಅದೇ ಕಾರಣವೆಂದೂ ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಬ್ಲ್ಯಾಕ್ ಕರಂಟ್ ಎಂದಲ್ಲಿ ನೇರಳೆ ಎಂದುಕೊಂಡರೆ ಅರ್ಧ ದಾರಿ ಸಾಗಿದಂತೆ.

ಕುಡಿಯುವ ಕ್ರಮದಲ್ಲಿ ರಹಸ್ಯವೇನೂ ಇಲ್ಲ. ಅಗಲ ಹೊಟ್ಟೆಯ ಲೋಟಕ್ಕೆ ಮೂರನೆಯ ಒಂದು ಭಾಗ ಮಾತ್ರ ಬಗ್ಗಿಸಬೇಕು. ಬಿಳಿ ಬಟ್ಟೆಯ ಮೇಲೆ ಹಿಡಿದು ಬಣ್ಣ ನೋಡಬೇಕು. ಎಳೆಯದಾದರೆ ಅಂಚು ನೇರಳೆ, ಹಳೆಯದಾದರೆ ಇಟ್ಟಿಗೆಗೆಂಪು. ಲೋಟ ಒಮ್ಮೆ ತಿರುವಿ ಮೂಸಿ, ಸಣ್ಣ ಗುಟುಕನ್ನು ನುಂಗದೆ ಬಾಯಲ್ಲೆಲ್ಲ ಆಡಿಸಬೇಕು. ಮೊದಲು ಹಣ್ಣು, ಆಮೇಲೆ ಹುಳಿ, ಕೊನೆಗೆ ವಸಡಿನ ಮೇಲೆ ಒಗರು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿ ಒಳ್ಳೆಯ ವೈನಿನ ಪರೀಕ್ಷೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ನಮ್ಮಲ್ಲಿ ಬಹಳ ಅಪಾರ್ಥಕ್ಕೆ ಎಡೆ ಮಾಡಿದೆ. ಆ ಕೋಣೆ ಯೂರೋಪಿನದು. 16ರಿಂದ 18 ಡಿಗ್ರಿಯದು. ಏಪ್ರಿಲ್‌ನ ಅಥಣಿಯ ಕೋಣೆಯಲ್ಲಿ ಅದನ್ನೇ ಕುಡಿದರೆ ಮದ್ಯಸಾರದ ಉರಿಯೊಂದೇ ಮೂಗಿಗೆ ಹೊಡೆಯುತ್ತದೆ. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಜಾಣತನ. ಜೊತೆಗೆ ಊಟ ಬೇಕು. ಕೊಬ್ಬಿರುವ ಕುರಿ ಮಾಂಸ ಒಗರನ್ನು ಮೆತ್ತಗಾಗಿಸುತ್ತದೆ. ಶಾಕಾಹಾರಿಗಳಿಗೆ ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಆದೀತು. ಖಾರ ಮಾತ್ರ ಕಡಿಮೆ ಇರಲಿ. ಮೆಣಸಿನಕಾಯಿಯ ಉರಿಗೆ ಮದ್ಯಸಾರ ಇನ್ನಷ್ಟು ಉರಿ ಕೂಡಿಸುವುದರಿಂದ ಕೊಲ್ಹಾಪುರದ ತಾಂಬಡಾ ರಸ್ಸಾಕ್ಕೂ ಇದಕ್ಕೂ ಹೊಂದಿಕೆಯಾಗದು.

ಇಂಥ ವೈನ್ ಕರ್ನಾಟಕದಲ್ಲಿಯೇ ಆಗುತ್ತದೆಂದು ತೋರಿಸಿದವರು ಕನ್ವಲ್ ಗ್ರೋವರ್. 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ತಂದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ನೆಟ್ಟರು. ತೊಂಬತ್ತರ ದಶಕದ ನಡುವಿನಲ್ಲಿ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಸಲಹೆಗೆ ಬಂದರು. ಕ್ಯಾಬರ್ನೆ, ಶಿರಾಜ್ ಬೆರೆಸಿದ ಅವರ ‘ಲಾ ರಿಸರ್ವ್’ ಹೊರದೇಶದ ಪಂಡಿತರ ಮೆಚ್ಚುಗೆ ಪಡೆಯಿತು. ಮುಂದೆ ಹಂಪಿಯ ಸೀಮೆಯ ಕಲ್ಲುಬೆಟ್ಟಗಳ ನಡುವೆಯೂ ಕ್ಯಾಬರ್ನೆ ಬೇರೂರಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನೇ ತಂದು, ಮಂಡಳಿಯೊಂದನ್ನು ರಚಿಸಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳನ್ನು ಕೃಷ್ಣಾ ಕಣಿವೆಯ ವಲಯವೆಂದು ಗುರುತಿಸಿತು. ಗಡಿಯಾಚೆ ಮಹಾರಾಷ್ಟ್ರ 2001ರಲ್ಲಿಯೇ ನೀತಿ ರೂಪಿಸಿ, ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿ ಒಂದು, ನಾಸಿಕದ ವಿಂಚೂರಿನಲ್ಲಿ ಒಂದು ವೈನ್ ಪಾರ್ಕ್ ತೆರೆದಿತ್ತು.

ನಾಸಿಕ ಬೆಳೆಯಿತು, ನಮ್ಮ ನೆರೆಯ ಪಲೂಸು ಆ ಮಟ್ಟಕ್ಕೆ ಏರಲಿಲ್ಲ. ತೆಲಸಂಗದ ರೈತರು ಚಪ್ಪರ ಬದಲಿಸಲಿಲ್ಲ. ಇದನ್ನು ಅವರ ಹಿಂಜರಿಕೆ ಎಂದು ಬಗೆಯುವವರು 2009–10ರ ಮಹಾರಾಷ್ಟ್ರವನ್ನು ನೆನೆಯಬೇಕು. ಜಗತ್ತಿನ ಆರ್ಥಿಕ ಕುಸಿತ, ಮುಂಬಯಿ ದಾಳಿ ಒಂದರ ಹಿಂದೊಂದು ಬಂದು ವೈನ್ ಮಾರಾಟ ಬಿತ್ತು. ದೊಡ್ಡ ಕಂಪನಿಯೊಂದು ಮುಗ್ಗರಿಸಿತು. ಒಪ್ಪಂದ ನಂಬಿ ನೆಟ್ಟ ವೈನ್ ದ್ರಾಕ್ಷಿಯನ್ನು ಕೇಳುವವರಿಲ್ಲದೆ ಅನೇಕ ರೈತರು ಬಳ್ಳಿಯನ್ನೇ ಕಿತ್ತು ಹಾಕಿದರು. ಕ್ಯಾಬರ್ನೆಯನ್ನು ಸಂತೆಯಲ್ಲಿ ಮಾರಲಾಗದು. ಸಣ್ಣ ಕಾಳು, ಬಾಯಿ ತುಂಬ ಬೀಜ. ಬೀಜದ ದೆಸೆಯಿಂದ ಮಣೂಕ ಮಾಡಿದರೂ ಕೊಳ್ಳುವವರಿಲ್ಲ. ಬಳ್ಳಿಯ ಮೇಲೆ ಬಿಡುವ ಫಸಲೂ ಕಡಿಮೆ. ಥಾಮ್ಸನ್ ಹಾಗಲ್ಲ. ದರ ಇದ್ದರೆ ಪೇಟೆಗೆ, ಬಿದ್ದರೆ ಮಣೂಕಕ್ಕೆ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಗೊನೆ ಕೊಳೆಯುವ ಹೆದರಿಕೆ ಎರಡಕ್ಕೂ ಒಂದೇ. ಮಾರುವಾಗಿನ ದಾರಿಗಳು ಮಾತ್ರ ಒಂದಲ್ಲ. ವೈನ್ ದ್ರಾಕ್ಷಿ ಬೆಳೆದವನಿಗೆ ಇರುವುದು ಕಾರ್ಖಾನೆಯ ಬಾಗಿಲೊಂದೇ, ಆ ಕಾರ್ಖಾನೆಗೆ ಇರುವುದು ಬೆಂಗಳೂರು, ಮುಂಬಯಿಗಳಲ್ಲಿ ಒಗರನ್ನು ಇಷ್ಟಪಡಲು ಕಲಿತ ಕೆಲವರ ನಾಲಿಗೆ. ಅಷ್ಟು ತೆಳುವಾದ ಆಸರೆಯ ಮೇಲೆ ವರ್ಷಗಟ್ಟಲೆ ಬಾಳುವ ಬಳ್ಳಿಯನ್ನು ಹಬ್ಬಿಸಲು ಸಾಲ ತಂದ ರೈತ ಒಪ್ಪುತ್ತಿಲ್ಲ. ಮಾರ್ಚ್‌ನಲ್ಲಿ ಆ ಕಡೆ ಹೋದರೆ ಶೆಡ್ಡುಗಳ ಬಲೆಗಳ ಮೇಲೆ ಹಸಿರು ಕಾಳುಗಳು ಅಂತಸ್ತು ಅಂತಸ್ತಾಗಿ ಹರಡಿ, ಹದಿನೈದು ದಿನಗಳಲ್ಲಿ ಬಂಗಾರದ ಬಣ್ಣಕ್ಕೆ ತಿರುಗುತ್ತಿರುತ್ತವೆ. ಅವುಗಳಿಗೆ ತಾಸಗಾಂವ, ಸಾಂಗಲಿಯ ಸವಾಲಿನಲ್ಲಿ ಗಿರಾಕಿ ಇದ್ದಾನೆ.