ಜಿ.ಐ. ಬಿಲ್ ಮತ್ತು ಅಮೆರಿಕದ ಸಾಮಾಜಿಕ ಪರಿವರ್ತನೆ

ಯುದ್ಧ ಮುಗಿಸಿ ಮರಳುವ ಸೈನಿಕನಿಗೆ ನಾಗರಿಕ ಬದುಕಿನಲ್ಲಿ ನೆಲೆ ಕಲ್ಪಿಸುವುದು ಎಲ್ಲ ಕಾಲದ ಪ್ರಭುತ್ವಗಳಿಗೂ ಎದುರಾದ ಪ್ರಶ್ನೆ. ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನವು 1944ರಲ್ಲಿ ಕಂಡುಕೊಂಡ ಉತ್ತರವೇ 'ಜಿ.ಐ. ಬಿಲ್' ಎಂದು ಪ್ರಸಿದ್ಧವಾದ ಸೈನಿಕರ ಪುನರ್ವ್ಯವಸ್ಥಾ ಕಾಯ್ದೆ. 'ಜಿ.ಐ.' ಎಂಬುದು ಅಲ್ಲಿ ಸಾಮಾನ್ಯ ಸೈನಿಕನಿಗೆ ರೂಢಿಯಲ್ಲಿದ್ದ ಹೆಸರು. ಮಧ್ಯಮವರ್ಗವನ್ನು ವಿಸ್ತರಿಸಿದ ಈ ಕಾಯ್ದೆಯು ಅದರ ಜೊತೆಯಲ್ಲಿಯೇ ವರ್ಣಭೇದಕ್ಕೆ ಆಸ್ತಿಯ ಆಧಾರವನ್ನೂ ಒದಗಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಯ್ದೆಯ ಹಿಂದೆ ಒಂದು ಕಹಿ ನೆನಪಿತ್ತು. ಮೊದಲನೆಯ ಮಹಾಯುದ್ಧದ ಸೈನಿಕರಿಗೆ 1924ರಲ್ಲಿ ಮಂಜೂರಾದ ಪರಿಹಾರಧನವು 1945ರಲ್ಲಿ ಪಾವತಿಯಾಗಬೇಕಾಗಿತ್ತು. ಆರ್ಥಿಕ ಮಹಾಕುಸಿತದಿಂದ ಕಂಗೆಟ್ಟ ಸಹಸ್ರಾರು ಮಾಜಿ ಸೈನಿಕರು ಅದನ್ನು ಕೂಡಲೇ ನೀಡಬೇಕೆಂದು 1932ರಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟರು. ಜುಲೈ 28ರಂದು ಡಗ್ಲಾಸ್ ಮೆಕಾರ್ಥರ್ ನೇತೃತ್ವದ ಸೇನೆಯೇ ಅವರನ್ನು ಹೊಡೆದಟ್ಟಿತು. ಅವರ ಗುಡಿಸಲುಗಳು ಸುಟ್ಟುಹೋದವು. ಎರಡನೆಯ ಮಹಾಯುದ್ಧದ ಸುಮಾರು 1 ಕೋಟಿ 60 ಲಕ್ಷ ಯೋಧರು ನಿರುದ್ಯೋಗಿಗಳಾಗಿ ಬೀದಿಗಿಳಿದರೆ ಗತಿಯೇನೆಂಬ ಭೀತಿ ಶಾಸಕರನ್ನು ಕಾಡಿದುದು ಸಹಜವೇ ಆಗಿತ್ತು. ಅಮೆರಿಕನ್ ಲೀಜನ್ ಸಂಘಟನೆಯ ಪರವಾಗಿ ಹ್ಯಾರಿ ಕಾಲ್ಮರಿ ಕರಡನ್ನು ರಚಿಸಿದರು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಅಂಕಿತ ಹಾಕಿದರು.

ಕಾಯ್ದೆಯಲ್ಲಿ ಮೂರು ಸೌಲಭ್ಯಗಳು ಮುಖ್ಯವಾಗಿದ್ದವು: ವರ್ಷಕ್ಕೆ 500 ಡಾಲರುಗಳವರೆಗಿನ ಶಿಕ್ಷಣ ಶುಲ್ಕ ಮತ್ತು ಮಾಸಿಕ ಭತ್ಯೆ, ಗರಿಷ್ಠ 52 ವಾರಗಳ ಕಾಲ ವಾರಕ್ಕೆ 20 ಡಾಲರುಗಳ ನಿರುದ್ಯೋಗ ಭತ್ಯೆ, ಮನೆ, ಜಮೀನು ಅಥವಾ ವ್ಯಾಪಾರಕ್ಕಾಗಿ ಪಡೆಯುವ ಸಾಲಕ್ಕೆ ಸರ್ಕಾರದ ಖಾತರಿ.

ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, ಹಾರ್ವರ್ಡಿನ ಜೇಮ್ಸ್ ಕೊನಂಟ್ ಅವರಂತಹ ಶಿಕ್ಷಣವೇತ್ತರು ವಿದ್ಯೆಯ ಗುಣಮಟ್ಟ ಕುಸಿಯುವುದೆಂದು ಆತಂಕಪಟ್ಟಿದ್ದರು. ಅದು ನಿರಾಧಾರವೆಂದು ಬೇಗನೆ ಸಿದ್ಧವಾಯಿತು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. ಹೆಂಡತಿ ಮಕ್ಕಳೊಡನೆ ತಾತ್ಕಾಲಿಕ ವಸತಿಗಳಲ್ಲಿದ್ದು ಓದಿದ ಈ ವಿದ್ಯಾರ್ಥಿಗಳಿಂದಾಗಿ, ಉನ್ನತ ಶಿಕ್ಷಣವು ಸಿರಿವಂತರ ಸೊತ್ತೆಂಬ ಭಾವನೆ ಸಡಿಲಗೊಂಡಿತು. 1956ರ ವೇಳೆಗೆ ಸುಮಾರು 78 ಲಕ್ಷ ಮಂದಿ ಶಿಕ್ಷಣ ಅಥವಾ ತರಬೇತಿ ಪಡೆದಿದ್ದರು. ಇವರಲ್ಲಿ ಕಾಲೇಜು ಸೇರಿದವರು 22 ಲಕ್ಷ. ಬಹುಪಾಲು ಜನರು ಕಸುಬು, ಕೃಷಿ ಮೊದಲಾದ ತರಬೇತಿಗಳನ್ನು ಆರಿಸಿಕೊಂಡರೆಂಬುದು ಗಮನಾರ್ಹ. ನಿರುದ್ಯೋಗ ಭತ್ಯೆಗಾಗಿ ಮೀಸಲಿಟ್ಟ ಹಣದಲ್ಲಿ ಐದನೆಯ ಒಂದು ಭಾಗವೂ ವ್ಯಯವಾಗಲಿಲ್ಲ. 1952ರ ವೇಳೆಗೆ ಸುಮಾರು 24 ಲಕ್ಷ ಗೃಹಸಾಲಗಳಿಗೆ ಖಾತರಿ ದೊರೆತು, ನಗರಗಳ ಹೊರವಲಯದಲ್ಲಿ ಹೊಸ ಬಡಾವಣೆಗಳು ತಲೆಯೆತ್ತಿದವು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಕಾಯ್ದೆಯ ಪಠ್ಯದಲ್ಲಿ ವರ್ಣದ ಉಲ್ಲೇಖವಿರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಮಸೂದೆಯನ್ನು ನಿರ್ವಹಿಸಿದ ಸಮಿತಿಯ ಅಧ್ಯಕ್ಷ, ಮಿಸಿಸಿಪಿಯ ಜಾನ್ ರ್‍ಯಾಂಕಿನ್ ಮಾತ್ರ ವರ್ಣಭೇದದ ಬಹಿರಂಗ ಸಮರ್ಥಕರು. ಅನುಷ್ಠಾನದ ಬಹುಭಾಗ ಸ್ಥಳೀಯ ಕಚೇರಿಗಳು, ಕಾಲೇಜುಗಳು ಹಾಗೂ ಬ್ಯಾಂಕುಗಳ ಕೈಯಲ್ಲಿ ಉಳಿಯಿತು. ಸರ್ಕಾರ ಖಾತರಿ ನೀಡಬಹುದಿತ್ತು. ಸಾಲ ಕೊಡಬೇಕಾದುದು ಬ್ಯಾಂಕು. ಮಿಸಿಸಿಪಿಯಲ್ಲಿ 1947ರಲ್ಲಿ ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಜನಾಂಗದ ಯೋಧರಿಗೆ ಸಂದದ್ದು ಕೇವಲ ಎರಡು. ಅದೇ ವರ್ಷ ನ್ಯೂಯಾರ್ಕ್ ಬಳಿ ನಿರ್ಮಾಣ ಆರಂಭವಾದ ಲೆವಿಟ್‌ಟೌನ್ ಬಡಾವಣೆಯ ಕರಾರುಪತ್ರಗಳು ಬಿಳಿಯರಲ್ಲದವರ ವಾಸವನ್ನು ನಿಷೇಧಿಸಿದ್ದವು. ದಕ್ಷಿಣದ ಪ್ರತ್ಯೇಕ ಕಾಲೇಜುಗಳಲ್ಲಿ ಸ್ಥಳವಿಲ್ಲದೆ ಅನೇಕರು ಹಿಂದಿರುಗಬೇಕಾಯಿತು.

ಹೀಗಿದ್ದರೂ ದೊರೆತ ಅಲ್ಪ ಅವಕಾಶವೂ ವ್ಯರ್ಥವಾಗಲಿಲ್ಲ. ಮಿಸಿಸಿಪಿಯವರೇ ಆದ ಮೆಡ್ಗರ್ ಎವರ್ಸ್ ಈ ಸೌಲಭ್ಯದಿಂದಲೇ ಆಲ್ಕಾರ್ನ್ ಕಾಲೇಜಿನಲ್ಲಿ ಓದಿ ನಾಗರಿಕ ಹಕ್ಕುಗಳ ಹೋರಾಟದ ನಾಯಕರಾದರು. 1963ರಲ್ಲಿ ಗುಂಡಿಗೆ ಬಲಿಯಾದರು.

ಪಡೆದ ವಿದ್ಯೆ ಒಂದು ತಲೆಮಾರನ್ನು ಮೇಲೆತ್ತಿದರೆ, ಕೊಂಡ ಮನೆ ಮುಂದಿನ ತಲೆಮಾರಿಗೂ ಆಸ್ತಿಯಾಗಿ ಸಲ್ಲುತ್ತದೆ. ಆ ಕಾಲದಲ್ಲಿ ಮನೆ ದೊರೆಯದವರ ಮಕ್ಕಳಿಗೆ ಕೊರತೆಯೇ ಪಿತ್ರಾರ್ಜಿತವಾಯಿತು. ಆದುದರಿಂದ ಜಿ.ಐ. ಬಿಲ್ಲನ್ನು ಕೇವಲ ಯಶೋಗಾಥೆಯೆಂದಾಗಲಿ, ಕೇವಲ ವಂಚನೆಯೆಂದಾಗಲಿ ಪರಿಗಣಿಸುವುದು ಸಮಂಜಸವಲ್ಲ. ಕಲ್ಯಾಣ ಯೋಜನೆಯೊಂದರ ಸಾಮಾಜಿಕ ಫಲವನ್ನು ಅರಿಯಲು ಅದರ ಕಲಮುಗಳಷ್ಟೇ ಸಾಲವು. ಅದನ್ನು ಹಂಚಿದ ಕೈಗಳ ಚರಿತ್ರೆಯನ್ನೂ ಓದಬೇಕಾಗುತ್ತದೆ.