ಮನೆಯಂಗಳದಲ್ಲಿ ಉಳಿದ ಜಾವಾ

ಚೆಕೊಸ್ಲೊವಾಕಿಯದ ಜಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಹಕ್ಕು ಪಡೆದು ೧೯೨೯ರಲ್ಲಿ ಮೋಟಾರು ಸೈಕಲುಗಳ ತಯಾರಿಕೆಯನ್ನು ಆರಂಭಿಸಿದರು. ಈ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಎಂದಾಯಿತು. ಆ ಕುಲದ ಯಂತ್ರವು ೧೯೬೧ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗತೊಡಗಿತು. ೧೯೭೩ರಲ್ಲಿ ‘ಯೆಜ್ದಿ’ ಎಂಬ ಹೆಸರು ತಾಳಿತು. ೧೯೯೬ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಯಂತ್ರವು ಉಳಿಯಿತು. ಅದರ ರಚನೆಯ ಸರಳತೆಯೇ ಇದಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಎರಡು ಹೊಡೆತದ ಈ ಎಂಜಿನ್ನಿಗೆ ಕವಾಟಗಳಿಲ್ಲ. ಪಿಸ್ಟನ್ನೇ ಸಿಲಿಂಡರಿನ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಅದರ ಒಳಭಾಗಗಳಿಗೆ ಜಿಡ್ಡು. ಆ ಎಣ್ಣೆ ಉರಿದು ಹೊಗೆನಳಿಗೆಯಲ್ಲಿ ಕಟ್ಟಿದ ಮಸಿಯನ್ನು ಕೆರೆಯುವುದು, ಪಾಯಿಂಟುಗಳ ಅಂತರವನ್ನು ಸರಿಪಡಿಸುವುದು, ಸರಪಣಿಯನ್ನು ಬಿಗಿಯುವುದು, ಇವೆಲ್ಲವೂ ಮನೆಯಂಗಳದಲ್ಲಿಯೇ ಆಗತಕ್ಕ ಕೆಲಸಗಳು. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಕೂಡಿಸಲು ಮಾತ್ರ ಯಂತ್ರಶಾಲೆಯನ್ನು ಆಶ್ರಯಿಸಬೇಕು.

ಜಾವಾ ಎಂಬ ಹೆಸರು ೨೦೧೮ರಲ್ಲಿ ಮರಳಿ ಬಂದಿತಾದರೂ, ಅದನ್ನು ಹೊತ್ತು ಬಂದ ಎಂಜಿನ್ನು ನಾಲ್ಕು ಹೊಡೆತದ್ದು. ಹಳೆಯದಕ್ಕೆ ಅದರ ಭಾಗಗಳು ಹೊಂದವು. ಆದುದರಿಂದ ಹಳೆಯ ಯಂತ್ರದ ಆಯುಷ್ಯವು ಬಲ್ಲವರ ಕೈಯಲ್ಲಿದೆ. ಕೈಬಿಟ್ಟುದಕ್ಕೆ ತುಕ್ಕು, ನಡೆಸಿದುದಕ್ಕೆ ಬಾಳು ಎಂಬುದು ಗಡಿಯಾಚೆಯ ಕನ್ನಡಿಗರಾದ ನಮಗೆ ಹೊಸ ಮಾತಲ್ಲ. ಹಿರಿಯರ ಕೈಯ ಈ ಅರಿವನ್ನು ಅವರಿರುವಾಗಲೇ ಕಿರಿಯರು ಕಲಿತು, ಕನ್ನಡದಲ್ಲಿ ಬರೆದಿಡಬೇಕೆಂಬುದು ನಮ್ಮ ಬಿನ್ನಹ.