ಊರು ಬಿಟ್ಟ ಕತೆಗಾರರು, ಚಂದಾ ಕಟ್ಟಿದ ಓದುಗರು

ವಾಶಿ ಖಾಡಿಯ ಮೇಲೆ ಮೊದಲ ರಸ್ತೆ ಸೇತುವೆ ಆದದ್ದು 1973ರಲ್ಲಿ. ಲೋಕಲ್ ರೈಲು ಖಾಡಿ ದಾಟಿ ವಾಶಿಗೆ ಬರಲು 1992 ಆಗಬೇಕಾಯಿತು. 1970ರಲ್ಲಿ ಶುರುವಾದ ಸಿಡ್ಕೊ ಸಂಸ್ಥೆ ಸೆಕ್ಟರುಗಳ ಗೆರೆ ಹಾಕಿ ಕಟ್ಟಿದ ಈ ಹೊಸ ಊರಿಗೆ ಕನ್ನಡದ ಕುಟುಂಬಗಳೂ ಬಂದು ನೆಲೆಸಿದವು: ಹೋಟೆಲಿನವರು, ಬ್ಯಾಂಕಿನವರು, ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಕೆಲಸ ಹಿಡಿದವರು. ವಾಶಿಯಲ್ಲೇ ಕನ್ನಡ ಸಂಘ ಹುಟ್ಟಿತು. ಆದರೆ ಇಲ್ಲಿಯ ಅನೇಕ ಮನೆಗಳಲ್ಲಿ ಒಂದೇ ಕಪಾಟು ಎರಡು ತಲೆಮಾರಿಗೆ ಎರಡು ಬಗೆಯಾಗಿ ಕಾಣುತ್ತದೆ. ಹಿರಿಯರಿಗೆ ಅದರಲ್ಲಿರುವುದು ಕಾದಂಬರಿಗಳು. ಮಕ್ಕಳು ಕನ್ನಡ ಮಾತಾಡುತ್ತಾರೆ, ಅಕ್ಷರ ಬಾರದು. ಅವರಿಗೆ ಅದು ಅಪ್ಪ-ಅಮ್ಮನ ಸಾಮಾನು.

ಇಂಥ ಊರಲ್ಲಿ ಕೂತು ಕನ್ನಡದಲ್ಲಿ ಕತೆ ಬರೆಯುವವರಿಗೆ ಎರಡು ಪ್ರಶ್ನೆ ಏಳುತ್ತವೆ. ಕತೆ ಚೆನ್ನಾಗಿ ಬರೆಯುವುದು ಹೇಗೆ? ಬರೆದದ್ದನ್ನು ಓದುವವರು ಯಾರು? ಮುಂಬಯಿ ಕನ್ನಡದ ಮಟ್ಟಿಗೆ ಇವೆರಡೂ ಹಳೆಯ ಪ್ರಶ್ನೆಗಳು. ಇವಕ್ಕೆ ಸಿಕ್ಕ ಉತ್ತರಗಳೂ ಒಂದಕ್ಕೊಂದು ಹೆಣೆದುಕೊಂಡೇ ಇವೆ.

ಉತ್ತರ ಕರ್ನಾಟಕ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಕನ್ನಡ ಕಾದಂಬರಿಗೆ ಸಿದ್ಧವಾದ ಪೇಟೆ ಇರಲಿಲ್ಲ. ಗಳಗನಾಥರು (1869-1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತ ಕೈ ಪಳಗಿಸಿಕೊಂಡರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವನೇ ಓದುಗನ ಕಟ್ಟೆಗೆ ಹೋಗಿ ಕೂರಬೇಕಿದ್ದ ದಿನಗಳವು. ಆ ತಿರುಗಾಟದ ಕಷ್ಟವನ್ನು ಎಲ್ಲರೂ ನೆನೆಯುತ್ತಾರೆ. ಓದುಗನ ಎದುರು ಕೂತವನಿಗೆ ಯಾವ ಕತೆ ಯಾರ ಮುಖ ಅರಳಿಸುತ್ತದೆ ಎಂಬುದೂ ತಿಳಿಯುತ್ತಿತ್ತು.

ಹೊರೆ ಹೊರುವ ಕೆಲಸವನ್ನು ಅಂಚೆಗೆ ವಹಿಸಿದವರಲ್ಲಿ ಜಿ.ಬಿ. ಜೋಶಿ ಮುಖ್ಯರು. 1933ರಲ್ಲಿ ಅವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಓದುಗ ಮುಂಗಡವಾಗಿ ಚಂದಾ ಕಟ್ಟಬೇಕು, ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಎಂದು ಆರಿಸುವವನು ಪ್ರಕಾಶಕ. ಓದುಗ ಕೊಡುವುದು ಹಣ ಮತ್ತು ನಂಬಿಕೆ. ಹೆಸರೇ ಕೇಳದ ಲೇಖಕನ ಮೊದಲ ಪುಸ್ತಕವೂ ಈ ದಾರಿಯಲ್ಲಿ ಕೆಲವು ನೂರು ಮನೆಗಳ ಹೊಸ್ತಿಲು ದಾಟಬಹುದಿತ್ತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಗಿರೀಶ ಕಾರ್ನಾಡರ ‘ಯಯಾತಿ’ ಎರಡೂ 1961ರಲ್ಲಿ ಗ್ರಂಥಮಾಲೆಯಿಂದಲೇ ಬಂದವು.

ಗ್ರಂಥಮಾಲೆಗೆ ಇನ್ನೊಂದು ಮುಖವಿತ್ತು. ಸುಭಾಸ ರಸ್ತೆಯ ಅದರ ಕಚೇರಿಯನ್ನು ಸಾಹಿತ್ಯಲೋಕ ‘ಅಟ್ಟ’ ಎಂದೇ ಕರೆಯುತ್ತದೆ. ಅಲ್ಲಿ ಹಸ್ತಪ್ರತಿಗಳ ಚರ್ಚೆ ನಡೆಯುತ್ತಿತ್ತು. ಕೀರ್ತಿನಾಥ ಕುರ್ತಕೋಟಿಯವರಂಥ ಸಲಹೆಗಾರರು ಬರೆಹದ ಬಲ ಯಾವುದು, ಸಡಿಲು ಎಲ್ಲಿ ಎಂದು ಹೇಳುತ್ತಿದ್ದರು. ಕಟುವಾಗಿ ಓದುವ ಒಬ್ಬ ಮತ್ತು ನಂಬಿ ಕಾಯುವ ನೂರಾರು ಜನ: ಲೇಖಕನಿಗೆ ಬೇಕಾದ ಎರಡೂ ಒಂದೇ ಮಾಳಿಗೆಯಿಂದ ಸಿಕ್ಕವು.

ಈ ಏರ್ಪಾಟಿನ ಫಲ ಮುಂಬಯಿಯಲ್ಲಿ ಕಾಣುವುದು ಯಶವಂತ ಚಿತ್ತಾಲರಲ್ಲಿ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯಲ್ಲೂ ಅಮೆರಿಕದಲ್ಲೂ ಓದಿ ಪಾಲಿಮರ್ ವಿಜ್ಞಾನಿಯಾದರು. ಹಗಲು ಕಂಪನಿಯ ಸಂಶೋಧನೆ. ಬರೆಹಕ್ಕೆ ಉಳಿದದ್ದು ಮಿಕ್ಕ ಹೊತ್ತು. ‘ಸಂದರ್ಶನ’ ಕಥಾಸಂಕಲನ 1957ರಲ್ಲಿ, ಮೊದಲ ಕಾದಂಬರಿ ‘ಮೂರು ದಾರಿಗಳು’ 1964ರಲ್ಲಿ ಬಂದವು. ಎರಡನೆಯ ಕಾದಂಬರಿ ‘ಶಿಕಾರಿ’ ಬಂದದ್ದು 1979ರಲ್ಲಿ. ನಡುವೆ ಹದಿನೈದು ವರ್ಷ.

ಆ ಹದಿನೈದು ವರ್ಷ ಚಿತ್ತಾಲರು ಸಣ್ಣಕತೆ ಬಿಡಲಿಲ್ಲ. ಹನೇಹಳ್ಳಿಗೆ ಕತೆಯಲ್ಲಿ ಮತ್ತೆ ಮತ್ತೆ ಹೋದರು. ಅದೇ ಗದ್ದೆ, ಅದೇ ಬೇಲಿ, ಅದೇ ಮನೆತನಗಳ ಗುಟ್ಟು. ಒಂದೇ ನೆಲವನ್ನು ಹೀಗೆ ಅಗೆದು ಪಳಗಿದ ಕೈ ‘ಶಿಕಾರಿ’ಯಲ್ಲಿ ಮುಂಬಯಿಯ ಆಫೀಸಿಗೆ ಹೊಕ್ಕಿತು. ಕಂಪನಿಯೊಳಗಿನ ಸಂಚು, ಬಾಸಿನ ನಗುವಿನ ಹಿಂದಿನ ಅರ್ಥ, ಕೆಲಸ ಕಳೆದುಕೊಳ್ಳುವ ದಿಗಿಲು ಇವುಗಳಿಗೆ ಕನ್ನಡದಲ್ಲಿ ಅಷ್ಟಾಗಿ ಮಾತೇ ಇರಲಿಲ್ಲ. ನಾಗಪ್ಪನೆಂಬ ನೌಕರನ ತಲೆಯೊಳಗೆ ಕೂತು ಚಿತ್ತಾಲರು ಆ ಮಾತನ್ನು ಕಂಡುಕೊಂಡರು. ಪೇಟೆಯ ಬೇಡಿಕೆಗೆ ವರ್ಷಕ್ಕೆರಡು ಕಾದಂಬರಿ ಕೊಡಬೇಕಾಗಿದ್ದರೆ ಇದಕ್ಕೆ ಬಿಡುವು ಸಿಗುತ್ತಿರಲಿಲ್ಲ. ಸಂಬಳ ಚಿತ್ತಾಲರ ಹೊಟ್ಟೆ ನೋಡಿಕೊಂಡಿತು, ಚಂದಾದಾರರು ಕಾದರು.

ಧಾರವಾಡದ ಚಂದಾದಾರರಷ್ಟೇ ಸಾಲದು, ಮುಂಬಯಿಯಲ್ಲೂ ಓದುಗರು ಬೇಕು. ಅವರಲ್ಲಿ ಅನೇಕರನ್ನು ತಯಾರು ಮಾಡಿದ್ದು ಕನ್ನಡದ ರಾತ್ರಿ ಶಾಲೆಗಳು. ಕರಾವಳಿಯಿಂದ ಬಂದ ಹುಡುಗರು ಹಗಲಲ್ಲಿ ಹೋಟೆಲಿನ ಮೇಜು ಒರೆಸಿ, ರಾತ್ರಿ ಬೆಂಚಿನ ಮೇಲೆ ಕೂತು ಪಾಠ ಕಲಿತರು. ಮುಂದೆ ಸಂಘಗಳ ಸಭೆಗಳಲ್ಲಿ, ಪತ್ರಿಕೆಗಳ ಚಂದಾ ಪಟ್ಟಿಯಲ್ಲಿ ಇವರೇ ಕಾಣಿಸಿಕೊಂಡರು. ಮೊಗವೀರ ಸಮಾಜದ ‘ಮೊಗವೀರ’, ಮೈಸೂರು ಅಸೋಸಿಯೇಶನ್ನಿನ ‘ನೇಸರು’ ಥರದ ಮಾಸಿಕಗಳು ಊರ ಸುದ್ದಿಯ ಪಕ್ಕದಲ್ಲೇ ಸಾಹಿತ್ಯಕ್ಕೂ ಜಾಗ ಕೊಟ್ಟವು. ಉಡುಪಿಯಿಂದ ಬಂದ ವ್ಯಾಸರಾಯ ಬಲ್ಲಾಳರು ಮುಂಬಯಿಯ ದುಡಿಯುವ ಲೋಕವನ್ನೇ ಕತೆಯಾಗಿಸಿದರು. ಅವರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೂರು ವರ್ಷ ಮೊದಲು ಅದೇ ಪ್ರಶಸ್ತಿ ಚಿತ್ತಾಲರ ‘ಕತೆಯಾದಳು ಹುಡುಗಿ’ಗೆ ಸಂದಿತ್ತು. ಲೇಖಕಿಯರು ‘ಸೃಜನಾ’ ಎಂಬ ಬಳಗ ಕಟ್ಟಿಕೊಂಡು ಪರಸ್ಪರರ ಮೊದಲ ಓದುಗರಾದರು.

ಗೋಕರ್ಣದ ಜಯಂತ ಕಾಯ್ಕಿಣಿ ಔಷಧ ಕಂಪನಿಯ ಕೆಲಸದ ಜೊತೆ ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬಯಿಯಲ್ಲಿ ಕತೆ ಬರೆದರು. ಮೊದಲ ಕಥಾಸಂಕಲನ 1982ರಲ್ಲಿ ಬಂತು. ದೊಡ್ಡ ಜನಸಮೂಹ ಅವರ ಹೆಸರು ಹಿಡಿದು ಕರೆಯತೊಡಗಿದ್ದು ಟಿವಿ ಕಾರ್ಯಕ್ರಮದ ನಂತರ, 2006ರ ‘ಮುಂಗಾರು ಮಳೆ’ಯ ಹಾಡಿನ ನಂತರ. ಹಾಡು ಕೇಳಿ ಬಂದವರು ಪುಸ್ತಕ ತೆರೆದಾಗ ಕಾಲು ಶತಮಾನದ ಕತೆಗಳು ಕಾದಿದ್ದವು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ಡಿ.ಎಸ್.ಸಿ. ಪ್ರಶಸ್ತಿ ಬಂದದ್ದೂ ಆ ಮುಂಬಯಿ ಕತೆಗಳಿಗಾಗಿಯೇ. ಹೆಸರು ತಡವಾಗಿ ಬಂದರೂ ಕತೆಗಳು ಮೊದಲೇ ಸಿದ್ಧವಾಗಿದ್ದವು.

ಇಷ್ಟೆಲ್ಲ ಇತಿಹಾಸದಲ್ಲಿ ಒಬ್ಬಂಟಿಯಾಗಿ ಬೆಳೆದ ಲೇಖಕ ಸಿಗುವುದಿಲ್ಲ. ಹೊರೆ ಹೊತ್ತವನು, ಚಂದಾ ಕಟ್ಟಿದವನು, ಹಸ್ತಪ್ರತಿ ತಿದ್ದಿದವನು, ರಾತ್ರಿ ಶಾಲೆಯಲ್ಲಿ ಅಕ್ಷರ ಬರೆಸಿದ ಮೇಷ್ಟ್ರು ಎಲ್ಲರೂ ಆ ಪುಸ್ತಕಗಳಲ್ಲಿ ಪಾಲುದಾರರು. ವಾಶಿಯಲ್ಲಿ ಇಂದು ಬರೆಯುವವರಿಗೆ ಅಂಚೆಗಿಂತ ವೇಗದ ದಾರಿಗಳಿವೆ. ಒಂದು ಕತೆ ನಿಮಿಷದಲ್ಲಿ ಬೀದರಿಗೂ ಹೋಗುತ್ತದೆ, ಕಾಸರಗೋಡಿಗೂ ಹೋಗುತ್ತದೆ. ಕೊರತೆ ಇರುವುದು ಪಕ್ಕದ ಕೋಣೆಯಲ್ಲಿ. ಕನ್ನಡ ಮಾತಾಡುವ ಮಗುವಿಗೆ ಕನ್ನಡ ಓದಲು ಕಲಿಸುವವರು ಬೇಕು. ಹಿಂದೆ ಆ ಕೆಲಸ ರಾತ್ರಿ ಎಂಟರ ಮೇಲೆ, ದಣಿದ ಹುಡುಗರ ನಡುವೆ ನಡೆಯುತ್ತಿತ್ತು. ಈಗ ಅದಕ್ಕೆ ಭಾನುವಾರದ ಒಂದು ಗಂಟೆ, ಕಪಾಟಿನಲ್ಲಿರುವ ಒಂದು ಪುಸ್ತಕ ಸಾಕು.